ಹುರಿಹಿಟ್ಟಿಗೆ ಗಿರಾಕಿ ಇದ್ದಾರೆ, ದುಡ್ಡು ಮಾತ್ರ ನಿಲ್ಲುತ್ತಿಲ್ಲ

ಗುಬ್ಬಿ ಹುರಿಹಿಟ್ಟು (ಗುಬ್ಬಿ, ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿಯೇ ರಾಗಿ ಹುರಿಹಿಟ್ಟು ಮಾಡಿ ಗುಬ್ಬಿ ಮತ್ತು ತುಮಕೂರಿನ ಕೆಲವು ಅಂಗಡಿಗಳಿಗೆ ಕೊಡುತ್ತೇನೆ. ರುಚಿಯ ಬಗ್ಗೆ ಯಾರೂ ಕೊಂಕು ತೆಗೆದಿಲ್ಲ. ಬೇಸಿಗೆಯಲ್ಲಂತೂ ಕೇಳಿದಷ್ಟು ಮಾಡಿಕೊಡಲು ಕೈ ಸಾಲುವುದಿಲ್ಲ. ಆದರೂ ತಿಂಗಳ ಕೊನೆಗೆ ಡಬ್ಬಿ ತೆಗೆದು ನೋಡಿದರೆ ಮುಂದಿನ ಮೂಟೆ ರಾಗಿಗೆ ಆಗುವಷ್ಟೇ ಇರುತ್ತದೆ. "ಸುಮ್ಮನೆ ಒಲೆ ಮುಂದೆ ಬೇಯುತ್ತೀಯ" ಎನ್ನುತ್ತಾರೆ ಅತ್ತೆ. ಯಜಮಾನರು ಬೇಡ ಎನ್ನುವುದಿಲ್ಲ, ಬೇಕು ಎಂದೂ ಎನ್ನುವುದಿಲ್ಲ.

ಸಂಘದಲ್ಲಿ ಸಾಲ ತೆಗೆದು ಸ್ವಂತ ಹಿಟ್ಟಿನ ಯಂತ್ರ ಹಾಕಿಕೋ ಎನ್ನುವವರು ಕೆಲವರು. ಮೊದಲು ತರಬೇತಿಗೆ ಹೋಗು ಎನ್ನುವವರು ಇನ್ನು ಕೆಲವರು. ಅರ್ಧ ಕಿಲೋ ಕವರನ್ನು ಅಂಗಡಿಗೆ 60 ರೂಪಾಯಿಗೆ ಕೊಡುತ್ತಿದ್ದೇನೆ. ಯಂತ್ರ ತೆಗೆದುಕೊಳ್ಳಲೇ, ತರಬೇತಿಗೆ ಹೋಗಲೇ, ಇಲ್ಲ ಕೈಬಿಡಲೇ? ಅನುಭವ ಇದ್ದವರು ಹೇಳಿ.

ಮಾಲೂರು ಟೈಲರ್ (ಮಾಲೂರು, ಕೋಲಾರ ಜಿಲ್ಲೆ)

ಅಕ್ಕ, ಯಂತ್ರದ ಮಾತು ಆಮೇಲೆ. ನಿಮ್ಮ ಕೂಲಿಯನ್ನು ಲೆಕ್ಕದಲ್ಲಿ ಎಲ್ಲಿ ಬರೆದಿದ್ದೀರಿ?

ಗುಬ್ಬಿ ಹುರಿಹಿಟ್ಟು

ನನ್ನ ಕೂಲಿಯೇ? ಮನೆಯವಳಿಗೆ ಕೂಲಿ ಯಾರು ಬರೆಯುತ್ತಾರೆ? ಹೊರಗೆ ಕೊಟ್ಟ ದುಡ್ಡನ್ನು ಮಾತ್ರ ಬರೆಯುತ್ತೇನೆ. ಹತ್ತು ಕಿಲೋ ರಾಗಿಗೆ ಐನೂರು, ಗ್ಯಾಸಿಗೆ ನೂರೈವತ್ತು, ಮಿಲ್ಲಿಗೆ ಎಂಬತ್ತು, ಕವರು ಮತ್ತು ಚೀಟಿ ಒಂದಕ್ಕೆ ಆರು ರೂಪಾಯಿ. ಬಸ್ಸಿಗೆ ಶಕ್ತಿ ಯೋಜನೆ ಇರುವುದರಿಂದ ನನಗೆ ಟಿಕೆಟ್ ಖರ್ಚಿಲ್ಲ. ಕಲ್ಲು, ಹೊಟ್ಟು, ಸಿಡಿದು ಹೋಗುವುದು ಎಲ್ಲ ಕಳೆದು ಎಂಟೂವರೆ ಕಿಲೋ ಹಿಟ್ಟು ಸಿಗುತ್ತದೆ.

ಕೆಲಸ ಎಂದರೆ, ಹಿಂದಿನ ದಿನ ರಾಗಿ ಕೇರಿ, ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿಡಬೇಕು. ಬೆಳಿಗ್ಗೆ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಒಂದೊಂದೇ ಹಿಡಿ ಹಾಕಿ ಹುರಿಯಬೇಕು. ಹೆಚ್ಚು ಹಾಕಿದರೆ ಅರಳುವುದಿಲ್ಲ, ಬರೀ ಸೀಯುತ್ತದೆ. ಬೆಳ್ಳಗೆ ಅರಳಿದ್ದನ್ನು ಜರಡಿ ಹಿಡಿದು, ಆರಿಸಿ, ಮಿಲ್ಲಿಗೆ ಹೊತ್ತುಕೊಂಡು ಹೋಗಬೇಕು. ಬಿಸಿಯಲ್ಲೇ ಕವರಿಗೆ ತುಂಬಿದರೆ ಬೆವೆತು ಮುಗ್ಗುಲು ವಾಸನೆ ಹಿಡಿಯುತ್ತದೆ. ಹೇಗೂ ಒಂದು ಇಡೀ ದಿನ.

ಮಾಲೂರು ಟೈಲರ್

ನಿಮ್ಮದೇ ಅಂಕಿಗಳನ್ನು ಕೂಡಿ ಕಳೆದಿದ್ದೇನೆ. 500, 150, 80, ಹದಿನೇಳು ಕವರಿಗೆ 102. ಒಟ್ಟು 832. ಅರವತ್ತರಂತೆ ಹದಿನೇಳು ಕವರಿಗೆ ಬರುವುದು 1,020. ಉಳಿಯುವುದು 188 ರೂಪಾಯಿ, ಅದೂ ಅಂಗಡಿಯವರು ಪೂರ್ತಿ ಕೊಟ್ಟರೆ. ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 2025-26ರಲ್ಲಿ 370 ರೂಪಾಯಿ ಇತ್ತು. ಕೆರೆ ಹೂಳೆತ್ತಲು ಹೋದವರಿಗೆ ಸಿಗುವುದರ ಅರ್ಧ ನಿಮಗೆ ಸಿಗುತ್ತಿದೆ. ಬಂಡವಾಳ ನಿಮ್ಮದು, ಬಾಣಲೆ ನಿಮ್ಮದು, ಮಾಲು ಉಳಿದರೆ ನಷ್ಟವೂ ನಿಮ್ಮದೇ!

ಸೋರುವುದು ಎಲ್ಲೂ ಅಲ್ಲ, ಬೆಲೆಯಲ್ಲೇ. 832ಕ್ಕೆ ನಿಮ್ಮ 370 ಸೇರಿಸಿದರೆ 1,202. ಕವರಿಗೆ 71 ರೂಪಾಯಿ ಬಿದ್ದರೆ ಕೂಲಿ ಗಿಟ್ಟಿತು, ಲಾಭ ಇನ್ನೂ ಶುರುವೇ ಆಗಿಲ್ಲ. ಅಂಗಡಿಗೆ 80ಕ್ಕೆ ಕೊಡಿ. ಅವರು ನೂರಕ್ಕೆ ಮಾರಲಿ.

ನಾನು ಹೊಲಿಗೆಯಲ್ಲಿ ನೋಡುತ್ತಿರುವುದೂ ಇದನ್ನೇ. ಲೈನಿಂಗ್ ರವಿಕೆ ಹೊಲಿಸಲು ಪೇಟೆ ಅಂಗಡಿಗೆ ಹೋದಾಗ ಬೋರ್ಡು ನೋಡಿ ಬಾಯಿ ಮುಚ್ಚಿಕೊಂಡು ಕೊಡುವವರು, ಮನೆಗೆ ಬಂದಾಗ "ಮನೆಯಲ್ಲೇ ಇರುತ್ತೀಯಲ್ಲ, ಬಾಡಿಗೆ ಗೀಡಿಗೆ ಇಲ್ಲ" ಎಂದು ಚೌಕಾಸಿ ಮಾಡುತ್ತಾರೆ. ಸೀರೆಗೆ ಕುಚ್ಚು ಕಟ್ಟುವವರ ಪಾಡು ಇನ್ನೂ ಕಷ್ಟ. ಕಣ್ಣು ಕೀಳುವಷ್ಟು ಹೊತ್ತು ಕೂತು ಕಟ್ಟಿದ್ದನ್ನು "ಟೈಂಪಾಸ್‌ಗೆ ಮಾಡುತ್ತಾಳೆ" ಎಂದುಬಿಡುತ್ತಾರೆ. ನಾನು ಗೋಡೆಗೆ ದರಪಟ್ಟಿ ಅಂಟಿಸಿದ ಮೇಲೆ ಅರ್ಧ ಮಾತು ನಿಂತಿತು. ಬಾಯಲ್ಲಿ ಹೇಳಿದ ಬೆಲೆಯ ಜೊತೆ ಜಗಳವಾಡುತ್ತಾರೆ, ಬರೆದ ಬೆಲೆಯ ಜೊತೆ ಅಷ್ಟಾಗಿ ಆಡುವುದಿಲ್ಲ.

ಕೊರಟಗೆರೆ ರೈತ (ಕೊರಟಗೆರೆ, ತುಮಕೂರು ಜಿಲ್ಲೆ)

ಲೆಕ್ಕ ಚೆನ್ನಾಗಿದೆ ತಾಯಿ, ಕಾಗದದ ಮೇಲೆ. ಅರವತ್ತನ್ನು ಏಕಾಏಕಿ ಎಂಬತ್ತು ಮಾಡಿದರೆ ಅಂಗಡಿಯವನು ಪಕ್ಕದ ಊರಿನವಳ ಹಿಟ್ಟು ತರಿಸುತ್ತಾನೆ. ಹಳ್ಳಿಯಲ್ಲಿ ನಾಲ್ಕು ಮನೆಗೊಬ್ಬರು ಹಪ್ಪಳ, ಸಂಡಿಗೆ, ಹಿಟ್ಟು ಮಾಡುವವರೇ. ಎಲ್ಲರನ್ನೂ ಉದ್ಯಮಿ ಎಂದು ವೇದಿಕೆ ಹತ್ತಿಸಿ ಶಾಲು ಹೊದಿಸುತ್ತಾರೆ, ಮರುವರ್ಷ ಹುಡುಕಿದರೆ ಅರ್ಧ ಜನ ಇರುವುದಿಲ್ಲ. ಗೆಲ್ಲಬೇಕು ಎಂಬ ಹಂಬಲ ಹುಟ್ಟಿನಿಂದಲೇ ಇರಬೇಕು. ಅದನ್ನು ತರಬೇತಿಯಲ್ಲಿ ತುಂಬಲಾಗುವುದಿಲ್ಲ ಎಂಬುದು ನನ್ನ ಅನಿಸಿಕೆ.

ನಿವೃತ್ತ ಬ್ಯಾಂಕಿನವ (ತುಮಕೂರು)

ರೈತರೇ, ಕೊನೆಯ ಮಾತಿಗೆ ನನ್ನ ತಕರಾರಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ 1960ರ ದಶಕದಲ್ಲಿ ಇದನ್ನೇ ಪರೀಕ್ಷಿಸಲು ಆಂಧ್ರದ ಕಾಕಿನಾಡಕ್ಕೆ ಬಂದಿದ್ದರು. ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು, ಸಾಧಿಸುವ ಹಂಬಲವನ್ನು ಬೆಳೆಸಬಹುದು ಎಂದು ತೋರಿಸಲು ಹೊರಟವರು ಅವರು. ಇಂದಿಗೂ ಸ್ವ-ಉದ್ಯೋಗ ತರಬೇತಿಗಳಲ್ಲಿ ಆಡಿಸುವ ಬಳೆ ಎಸೆಯುವ ಆಟ ಆ ಕಾಲದ ಬಳುವಳಿಯೇ. ನೆಲದಲ್ಲಿ ಒಂದು ಗೂಟ ನಿಲ್ಲಿಸುತ್ತಾರೆ. ಎಷ್ಟು ದೂರದಿಂದ ಎಸೆಯಬೇಕೆಂಬುದು ನಿಮ್ಮ ಆಯ್ಕೆ. ಕೆಲವರು ಗೂಟದ ಪಕ್ಕದಲ್ಲೇ ನಿಲ್ಲುತ್ತಾರೆ, ಕೆಲವರು ಜಂಬಕ್ಕೆ ಗೋಡೆಯ ಬಳಿ ಹೋಗಿ ನಿಲ್ಲುತ್ತಾರೆ. ಪ್ರಯತ್ನಪಟ್ಟರೆ ಬೀಳಬಹುದು ಎನ್ನುವಷ್ಟು ದೂರವನ್ನು ಆರಿಸಿಕೊಳ್ಳುವವರು ಕಡಿಮೆ, ವ್ಯಾಪಾರಕ್ಕೆ ಬೇಕಾದ ಗುಣ ಅದೇ. ಹೆಣ್ಣುಮಕ್ಕಳು ಗೂಟದ ಪಕ್ಕ ನಿಲ್ಲುತ್ತಾರೆ ಎಂದು ಕೆಲವರು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಸೋತರೆ ಊರೆಲ್ಲ ಮಾತನಾಡುವುದು ಯಾರ ಬಗ್ಗೆ ಎಂದು ಅವರು ಯೋಚಿಸಿದಂತಿಲ್ಲ.

ಗುಬ್ಬಿಯ ತಂಗಿಗೆ: ಯಂತ್ರ ಈಗ ಬೇಡಮ್ಮ. ಮಿಲ್ಲಿಗೆ ಕೊಡುತ್ತಿರುವುದು ಹತ್ತು ಕಿಲೋಗೆ ಎಂಬತ್ತು ರೂಪಾಯಿ. ನಿಮ್ಮ ಸಮಯ ತಿನ್ನುತ್ತಿರುವುದು ಹುರಿಯುವ ಕೆಲಸ, ಬೀಸುವುದಲ್ಲ. ಬೀಸುವ ಯಂತ್ರಕ್ಕೆ ಸಾಲ ಮಾಡಿದರೆ ಕಂತು ಬರುತ್ತದೆ, ಬಿಡುವು ಬರುವುದಿಲ್ಲ. ನನ್ನ ಸೇವೆಯಲ್ಲಿ ನೋಡಿದ ಅರ್ಜಿಗಳಲ್ಲಿ ಯೋಜನಾ ವರದಿ ಕಂಪ್ಯೂಟರ್ ಅಂಗಡಿಯಲ್ಲಿ ಸಿದ್ಧವಾದದ್ದೇ ಹೆಚ್ಚು. ಹೆಸರು ಬದಲು, ಉಳಿದದ್ದೆಲ್ಲ ಒಂದೇ. "ತಿಂಗಳಿಗೆ ಎಷ್ಟು ಮಾರುತ್ತೀರಮ್ಮ?" ಎಂದು ಕೇಳಿದರೆ ಪಕ್ಕದಲ್ಲಿ ಕೂತ ಗಂಡ ಉತ್ತರ ಕೊಡುತ್ತಿದ್ದ.

ಮುಂದೆ ಬೇಕೆನಿಸಿದಾಗ ದಾರಿಗಳಿವೆ. ಮುದ್ರಾ ಸಾಲ 2015ರಿಂದ ಇದೆ. ಐವತ್ತು ಸಾವಿರದವರೆಗಿನದಕ್ಕೆ ಶಿಶು ಎಂದು ಹೆಸರು, ಅಲ್ಲಿಂದ ಐದು ಲಕ್ಷದವರೆಗಿನದಕ್ಕೆ ಕಿಶೋರ. ಅಡಮಾನ ಕೇಳುವಂತಿಲ್ಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಮೂರು ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 30, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 50 ಸಹಾಯಧನ. ಆದಾಯ ಮಿತಿ ಇದೆ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಮೂಲದ ಶೇ. 35ಕ್ಕೆ ರಾಜ್ಯ ಹೆಚ್ಚುವರಿಯಾಗಿ ಶೇ. 15 ಸೇರಿಸಿ ಅರ್ಧದಷ್ಟು ಸಹಾಯಧನ ಕೊಟ್ಟಿದೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯಲ್ಲಿ ಕೇಳಿಕೊಂಡೇ ಹೆಜ್ಜೆಯಿಡಿ. ಸಹಾಯಧನದ ಆಸೆಗೆ ಯಂತ್ರ ತಂದು, ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಮನೆಗಳನ್ನೂ ನೋಡಿದ್ದೇನೆ.

ಶ್ರೀನಿವಾಸಪುರದವಳು (ಕೋಲಾರ ಜಿಲ್ಲೆ)

ಬ್ಯಾಂಕಿನ ಸರ್ ಹೇಳಿದ ಮೂಲೆಯ ಯಂತ್ರದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಅದೇ ಪಿಎಂಎಫ್‌ಎಂಇ ಯೋಜನೆಯ "ಒಂದು ಜಿಲ್ಲೆ ಒಂದು ಉತ್ಪನ್ನ" ಪಟ್ಟಿಯಲ್ಲಿ ಕೋಲಾರ, ಚಿಕ್ಕಬಳ್ಳಾಪುರಕ್ಕೆ ಟೊಮೆಟೊ, ತುಮಕೂರಿಗೆ ತೆಂಗು ಬಂದಿದೆ. ನಾವು ಕೆಲವು ಹೆಂಗಸರು ಸೇರಿ ಟೊಮೆಟೊ ಒಣಗಿಸಲು ಹೊರಟೆವು. ಕಾರಣ ಸಿಟ್ಟು, ಬೇರೇನಲ್ಲ. ಬೆಲೆ ಬಿದ್ದಾಗ ಬಿಡಿಸಿದ ಕೂಲಿಯೂ ಹುಟ್ಟದೆ ಹೊಲದ ಬದುವಿನಲ್ಲೇ ಸುರಿದು ಬಂದವರು ನಮ್ಮ ಮನೆಯವರು. ಸುರಿಯುವುದಕ್ಕಿಂತ ಒಣಗಿಸೋಣ ಎಂದುಕೊಂಡೆವು.

ಟೊಮೆಟೊದಲ್ಲಿ ನೂರಕ್ಕೆ ತೊಂಬತ್ತನಾಲ್ಕು, ತೊಂಬತ್ತೈದು ಭಾಗ ನೀರು. ಒಂದು ಕ್ರೇಟಿನಷ್ಟು ಹಣ್ಣು ಹೆಚ್ಚಿ, ಉಪ್ಪು ಸವರಿ, ತಟ್ಟೆಗಳಲ್ಲಿ ಹರಡಿದರೆ ಕೊನೆಗೆ ಕೈಗೆ ಸಿಗುವುದು ಬೊಗಸೆಯಷ್ಟು. ಒಂದು ಕಿಲೋ ಒಣ ಟೊಮೆಟೊಗೆ ಹದಿನೆಂಟು ಇಪ್ಪತ್ತು ಕಿಲೋ ಹಸಿ ಹಣ್ಣು ಬೇಕು. ಚೂರು ಚರ್ಮದಂತೆ ಬಾಗಬೇಕು, ಅದುಮಿದರೆ ಬೆರಳಿಗೆ ತೇವ ಹತ್ತಬಾರದು. ಅಷ್ಟರಲ್ಲಿ ಮೋಡ ಕವಿದರೆ ಮುಗಿಯಿತು, ಬೂಸ್ಟು. ಹಣ್ಣು ಅಗ್ಗವಾಗುವುದು ಎಷ್ಟೋ ಸಲ ಮಳೆಗಾಲದಲ್ಲೇ, ಬಿಸಿಲಿಲ್ಲದ ಹೊತ್ತಿನಲ್ಲಿ. ಇದನ್ನು ನಮಗೆ ಯಾವ ತರಬೇತಿಯೂ ಹೇಳಿರಲಿಲ್ಲ.

ಇನ್ನು ಕೊಳ್ಳುವವರು ಯಾರು? ಕೋಲಾರದಲ್ಲಿ ಯಾರ ಮನೆಯ ಸಾರಿಗೂ ಒಣ ಟೊಮೆಟೊ ಬೇಕಿಲ್ಲ. ಅದು ಬೇಕಾದವರು ಬೆಂಗಳೂರಿನ ಪಿಜ್ಜಾ ಮಾಡುವವರು, ಸೂಪಿನ ಪುಡಿ ಮಾಡುವವರು. ಅವರ ಬಾಗಿಲು ತಟ್ಟಿ, ಮಾದರಿ ಕೊಟ್ಟು, "ಮುಂದಿನ ವಾರ ಬನ್ನಿ" ಎಂಬ ಮಾತಿಗೆ ಮತ್ತೆ ಹೋಗಿ ಬರುವ ಕೆಲಸಕ್ಕೆ ನಮ್ಮಲ್ಲಿ ಗಟ್ಟಿಯಾಗಿ ನಿಂತವಳು ಒಬ್ಬಳೇ. ಹೆಚ್ಚುವುದಕ್ಕೆ ಎಲ್ಲರೂ ಮುಂದೆ, ಮಾರುವುದಕ್ಕೆ ಎಲ್ಲರಿಗೂ ಮನೆಯಲ್ಲಿ ಕೆಲಸ. ಈಗ ಟೊಮೆಟೊ ಬಿಟ್ಟು ಮಾವಿನಕಾಯಿ ಉಪ್ಪಿನಕಾಯಿಗೆ ಇಳಿದಿದ್ದೇವೆ. ಅದಕ್ಕೆ ಇಲ್ಲೇ ಗಿರಾಕಿ ಇದ್ದಾರೆ.

ಕೊರಟಗೆರೆ ರೈತ

ಸಿಟ್ಟಿನಿಂದ ಶುರುವಾದ ವ್ಯಾಪಾರ! ಇದನ್ನು ಒಪ್ಪುತ್ತೇನೆ. ನನ್ನ ತಮ್ಮನ ಹೆಂಡತಿ ಹುಣಸೆಹಣ್ಣಿನ ಕೆಲಸಕ್ಕೆ ಇಳಿದದ್ದೂ ಹಾಗೆಯೇ. ವ್ಯಾಪಾರಿ ಮೂಟೆ ತಂದು ಹಾಕುತ್ತಿದ್ದ. ಸಿಪ್ಪೆ, ಬೀಜ, ನಾರು ತೆಗೆದು ಕೊಟ್ಟರೆ ಕಿಲೋಗೆ ಇಷ್ಟು ಎಂದು ಕೂಲಿ. ಒಂದು ವರ್ಷ ನಮ್ಮದೇ ಮರದ ಹಣ್ಣನ್ನು ತಾನೇ ಕುಟ್ಟಿ, ಶೀತಲಗೃಹದಲ್ಲಿಟ್ಟು, ದರ ಏರಿದ ಮೇಲೆ ಮಾರಿದಳು. ಹೊರಗೆ ಇಟ್ಟಿದ್ದರೆ ಮಳೆಗಾಲದ ಹೊತ್ತಿಗೆ ಕಪ್ಪಾಗಿ ಅರ್ಧ ಬೆಲೆಗೆ ಹೋಗುತ್ತಿತ್ತು. ಕುಟ್ಟುವುದು ಅವಳಿಗೆ ಮೊದಲೇ ಬರುತ್ತಿತ್ತು. ಕಾಯುವುದನ್ನು ಆಮೇಲೆ ಕಲಿತಳು.

ಸಂಘದ ಲೆಕ್ಕ (ಚಿಂತಾಮಣಿ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ)

ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರ್ತಿಯಾಗಿದ್ದೇನೆ. ಹಂಬಲ, ಸಾಧನೆ ಎಂಬ ಮಾತುಗಳನ್ನು ಓದಿ ನಗು ಬಂತು. ಸಾಲದ ಪುಸ್ತಕದಲ್ಲಿ "ಉದ್ದೇಶ" ಎಂಬ ಕಾಲಂ ಇದೆ. ಹಸು ಎಂದು ಬರೆಯುತ್ತೇವೆ. ಹೋಗುವುದು ಮಗಳ ಪಿಯುಸಿ ಶುಲ್ಕಕ್ಕೆ, ಮಾವನ ಆಸ್ಪತ್ರೆಗೆ, ಕೆಲವೊಮ್ಮೆ ಕೊಳವೆಬಾವಿಗೆ. ನಾನು ಯಾರನ್ನೂ ದೂರುವುದಿಲ್ಲ. ಮನೆಯ ಖರ್ಚಿಗೆ ಬೇರೆ ಸಾಲ ಹುಟ್ಟದಿರುವಾಗ ವ್ಯಾಪಾರದ ಸಾಲವೇ ಮನೆಗೆ ಹರಿಯುತ್ತದೆ. ಆಮೇಲೆ ಕಂತು ಕಟ್ಟಲು ಮೈಕ್ರೋ ಫೈನಾನ್ಸ್, ಅದರ ಕಂತಿಗೆ ಇನ್ನೊಂದು ಮೈಕ್ರೋ ಫೈನಾನ್ಸ್. 2025ರ ಆರಂಭದಲ್ಲಿ ವಸೂಲಿಯ ಕಿರುಕುಳ ಎಷ್ಟು ಹೆಚ್ಚಿತ್ತೆಂದರೆ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಮೈಕ್ರೋ ಫೈನಾನ್ಸ್‌ನವರಿಗೆ ನಿಯಮ ಮಾಡಿದೆ. ಅದನ್ನು ನೀವೇ ನಿಮ್ಮ ನಿಯಮವನ್ನಾಗಿ ಇಟ್ಟುಕೊಳ್ಳಿ. ಸಾಲ ಕೊಡುವವರು ನಿಮ್ಮ ಪರವಾಗಿ ಲೆಕ್ಕ ಹಾಕುತ್ತಾರೆಂದು ನಂಬಿ ಕೂರಬೇಡಿ.

ಹಾಗೆಂದು ಸಂಘ ಬೇಡ ಎನ್ನುತ್ತಿಲ್ಲ. ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಬಂದಾಗ ನಮ್ಮೂರಿನ ಎಷ್ಟೋ ಹೆಂಗಸರು ಬ್ಯಾಂಕಿನ ಒಳಗೆ ಕಾಲಿಟ್ಟದ್ದೇ ಮೊದಲ ಸಲ. ವಾರದ ಸಭೆಯಲ್ಲಿ ಎದ್ದು ನಿಂತು ಹೆಸರು ಹೇಳಲು ನಾಚುತ್ತಿದ್ದವರು ಇಂದು ಮ್ಯಾನೇಜರ್ ಜೊತೆ ಬಡ್ಡಿಯ ಬಗ್ಗೆ ವಾದ ಮಾಡುತ್ತಾರೆ. ಸಂಘ ಕಲಿಸಿದ ದೊಡ್ಡ ಪಾಠ ಅದು. ಆದರೆ ಉಳಿತಾಯದ ಸಂಘವೇ ವ್ಯಾಪಾರದ ಕಂಪನಿಯೂ ಆಗಬೇಕು ಎಂದರೆ ಜಗಳ ಶುರು. ಒಬ್ಬಳು ಹೆಚ್ಚು ದುಡಿಯುತ್ತಾಳೆ, ಪಾಲು ಮಾತ್ರ ಸಮ. ಶ್ರೀನಿವಾಸಪುರದ ಅಕ್ಕ, ಮಾರಲು ಹೋದ ಆ ಒಬ್ಬಳಿಗೆ ಬೇರೆ ಕಮಿಷನ್ ಕೊಟ್ಟಿರಾ?

ಶ್ರೀನಿವಾಸಪುರದವಳು

ಇಲ್ಲ. ಅದಕ್ಕೇ ಅವಳು ಬಿಟ್ಟುಹೋದಳು. ಉಪ್ಪಿನಕಾಯಿ ಶುರು ಮಾಡುವಾಗ ಮಾರುವವರಿಗೆ ಬೇರೆ ಪಾಲು ಎಂದು ಮೊದಲೇ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿದ್ದೇವೆ.

ಗುಬ್ಬಿ ಹುರಿಹಿಟ್ಟು

ಎಲ್ಲವನ್ನೂ ಓದಿದೆ, ಬರೆದುಕೊಂಡೆ. 188 ಎಂಬ ಅಂಕಿ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಯಜಮಾನರಿಗೆ ತೋರಿಸಿದೆ. ಅವರೂ ಎರಡು ಸಲ ಕೂಡಿ ನೋಡಿದರು.

ಇನ್ನೊಂದು ತೊಡಕಿದೆ. ಅಂಗಡಿಯೊಂದರವರು "ಮಾರಿದ ಮೇಲೆ ಕೊಡುತ್ತೇವೆ" ಎಂದು ಬಾಕಿ ಬೆಳೆಸುತ್ತಾರೆ. ಕೇಳಲು ಹೋದರೆ ಕಾಫಿ ಕುಡಿಸಿ ಕಳಿಸುತ್ತಾರೆ. ಪರಿಚಯದವರು, ಜೋರು ಮಾಡಲು ಬಾಯಿ ಬರುವುದಿಲ್ಲ.

ಮಾಲೂರು ಟೈಲರ್

ಕಾಫಿ ಕುಡಿಯಿರಿ, ದುಡ್ಡೂ ಕೇಳಿ. ಜೋರು ಬೇಕಾಗಿಲ್ಲ, ಕಟ್ಟುಪಾಡು ಸಾಕು. ಹಳೆಯ ಬಿಲ್ ತೀರದೆ ಹೊಸ ಮಾಲು ಚೀಲದಿಂದ ಹೊರಗೆ ಬರಬಾರದು. ಕಾರ್ಬನ್ ಹಾಳೆಯ ಬಿಲ್ ಪುಸ್ತಕ ಇಟ್ಟು, ಕೊಟ್ಟ ದಿನವೇ ಸಹಿ ಹಾಕಿಸಿ. ಬಾಯಲ್ಲಿ ಕೇಳುವಾಗ ನಾಚಿಕೆ ನಿಮ್ಮದು, ಸಹಿ ಇರುವ ಬಿಲ್ ತೋರಿಸುವಾಗ ನಾಚಿಕೆ ಅವರದು.

ಬೆಲೆ ಏರಿಸುವ ಬಗ್ಗೆ ಕೊರಟಗೆರೆಯ ಅಣ್ಣ ಹೇಳಿದ್ದರಲ್ಲಿ ಹುರುಳಿದೆ. ಎಲ್ಲ ಅಂಗಡಿಗೂ ಒಂದೇ ದಿನ ಏರಿಸಬೇಡಿ. ಬಾಕಿ ಇಡುವ ಅಂಗಡಿಯಿಂದಲೇ ಶುರು ಮಾಡಿ. ಬಿಟ್ಟರೆ ಬಿಡಲಿ, ಕಳೆದುಕೊಳ್ಳುವುದು ಕಾಫಿಯನ್ನು ಮಾತ್ರ. ತುಮಕೂರಿನಲ್ಲಿ ನೇರವಾಗಿ ಮನೆಗಳಿಗೆ ಕೊಟ್ಟರೆ ನೂರು ರೂಪಾಯಿ ಪೂರ್ತಿ ನಿಮ್ಮದೇ. ಮಗುವಿರುವ ಮನೆಗಳವರು ಹುರಿಹಿಟ್ಟನ್ನು ಬೆಲೆ ನೋಡಿ ಕೊಳ್ಳುವುದಿಲ್ಲ, ಯಾರು ಮಾಡಿದರು ಎಂದು ನೋಡಿ ಕೊಳ್ಳುತ್ತಾರೆ.

ನಿವೃತ್ತ ಬ್ಯಾಂಕಿನವ

ಕವರಿನ ಚೀಟಿಯ ಬಗ್ಗೆ ಯಾರೂ ಹೇಳಲಿಲ್ಲ. ಆಹಾರ ಸುರಕ್ಷತೆ ನೋಂದಣಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ನಿಮ್ಮಂಥ ಸಣ್ಣ ವಹಿವಾಟಿಗೆ ವರ್ಷಕ್ಕೆ ನೂರು ರೂಪಾಯಿ ಶುಲ್ಕ, ಅಷ್ಟೇ. ಆ ಹದಿನಾಲ್ಕು ಅಂಕಿಯ ಸಂಖ್ಯೆಯ ಜೊತೆಗೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಫೋನ್ ನಂಬರ್ ಇರಲಿ. ಗರಿಷ್ಠ ಬೆಲೆ 100 ಎಂದು ಅಚ್ಚಾದರೆ ಅಂಗಡಿಯವರ ಜೊತೆಗಿನ ಮಾತುಕತೆಯೂ ಸಲೀಸು.

ತರಬೇತಿ ಬೇಕೆಂದರೆ ಹೋಗಿ, ಬೇಡ ಎನ್ನುವುದಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವ-ಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮಾದರಿಯಲ್ಲಿ ಈಗ ಜಿಲ್ಲೆಗಳಲ್ಲಿ ಆರ್‌ಸೆಟಿ ಕೇಂದ್ರಗಳಿವೆ, ಊಟ ವಸತಿ ಉಚಿತ. ಗುಬ್ಬಿಯವರಿಗೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಹತ್ತಿರ. ಆದರೆ ಹಿಟ್ಟು ಹುರಿಯುವುದನ್ನು ಕಲಿಯಲು ಹೋಗಬೇಡಿ, ಅದನ್ನು ನೀವೇ ಅವರಿಗೆ ಕಲಿಸಬಲ್ಲಿರಿ. ಪ್ಯಾಕಿಂಗ್, ಬಾಳಿಕೆ, ದರ ಕಟ್ಟುವುದು, ಲೆಕ್ಕ ಬರೆಯುವುದು ಇವನ್ನು ಕೇಳಿ.

ಶಿಡ್ಲಘಟ್ಟ ರೇಷ್ಮೆ (ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ)

ತಡವಾಗಿ ಬಂದೆ. ನಮ್ಮ ಮನೆಯಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸ ಇದೆ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ನಮ್ಮ ಕಡೆಯ ಹೆಂಗಸರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಯಾವ ಗೂಡು ಚೆನ್ನಾಗಿ ಬಿಚ್ಚುತ್ತದೆ ಎಂದು ಕೈಯಲ್ಲಿ ಹಿಡಿದು, ಅಲುಗಿಸಿ ಹೇಳಬಲ್ಲವರು. ಹರಾಜಿಗೆ ಹೋಗಿ ದರ ಕಟ್ಟುವವರು ಮಾತ್ರ ಗಂಡಸರು. ಪರವಾನಗಿ ಅವರ ಹೆಸರಿನಲ್ಲಿ, ಹಣ ಬರುವುದೂ ಅವರ ಖಾತೆಗೆ. ನಮ್ಮ ಅತ್ತೆಯವರನ್ನು ಜನಗಣತಿಯವರು ಏನು ಕೆಲಸ ಎಂದು ಕೇಳಿದಾಗ "ಮನೆಗೆಲಸ" ಎಂದರು. ಆಗ ಅವರ ಕೈ ನೀರಿನಲ್ಲೇ ಇತ್ತು!

ನಾನೀಗ ಬೇರೆಯಾಗಿ ರೇಷ್ಮೆ ಗೂಡಿನ ಹಾರ, ಬೊಕೆ ಮಾಡಿ ಮಾರುತ್ತಿದ್ದೇನೆ. ತೂತು ಬಿದ್ದ, ನೂಲಿಗೆ ಬಾರದ ಗೂಡುಗಳನ್ನು ಅಗ್ಗಕ್ಕೆ ಕೊಂಡು ಬಣ್ಣ ಹಾಕುತ್ತೇನೆ. ಮೊಬೈಲ್ ಹಣಕ್ಕೆ ಯಜಮಾನರ ಕ್ಯುಆರ್ ಕೋಡ್ ಇಟ್ಟಿದ್ದೇನೆ. ನನ್ನ ಹೆಸರಿನಲ್ಲಿ ಮಾಡಿಸಿದರೆ ತೆರಿಗೆ ನೋಟಿಸ್ ಬರುತ್ತದೆ ಎಂದು ಹೆದರಿಸುತ್ತಾರೆ. 2025ರ ಜುಲೈನಲ್ಲಿ ಸಣ್ಣ ಅಂಗಡಿಯವರಿಗೆಲ್ಲ ನೋಟಿಸ್ ಬಂದಿತ್ತಲ್ಲ?

ನಿವೃತ್ತ ಬ್ಯಾಂಕಿನವ

ಬಂದಿತ್ತಮ್ಮ, ಆದರೆ ಅದು ವಹಿವಾಟಿನ ಮಿತಿ ದಾಟಿದಂತೆ ಕಂಡವರಿಗೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷಕ್ಕೆ ನಲವತ್ತು ಲಕ್ಷ ಮೀರಿದರೆ. ಹಾರ ಮಾರಿ ಅಲ್ಲಿಗೆ ಮುಟ್ಟಿದ ದಿನ ನೋಟಿಸಿನ ಚಿಂತೆ ಮಾಡೋಣ. ಕ್ಯುಆರ್ ಕೋಡ್ ಇವತ್ತೇ ನಿಮ್ಮ ಖಾತೆಗೆ ಬದಲಿಸಿ. ನಾಳೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಮೊದಲು ನೋಡುವುದು ಖಾತೆಯ ವಹಿವಾಟನ್ನು. ಈಗ ಅದೆಲ್ಲ ನಿಮ್ಮ ಯಜಮಾನರ ಹೆಸರಿನಲ್ಲಿ ಜಮೆಯಾಗುತ್ತಿದೆ, ನಿಮ್ಮ ಖಾತೆಯಲ್ಲಿ ಗೃಹಲಕ್ಷ್ಮಿ ಎರಡು ಸಾವಿರ ಬಿಟ್ಟರೆ ಏನೂ ಕಾಣುವುದಿಲ್ಲ.

2013-14ರ ಆರನೆಯ ಆರ್ಥಿಕ ಗಣತಿಯ ಪ್ರಕಾರ ದೇಶದ ಒಟ್ಟು ಉದ್ದಿಮೆಗಳಲ್ಲಿ ಮಹಿಳೆಯರ ಒಡೆತನದವು ಶೇ. 13.76. ಅವುಗಳಲ್ಲಿ ಶೇ. 79ರಷ್ಟು ಸ್ವಂತ ಹಣದಿಂದಲೇ ನಡೆಯುತ್ತಿದ್ದವು. ನಿಮ್ಮ ಅತ್ತೆಯವರಂಥವರು ಇದರಲ್ಲಿ ಸೇರಿಯೇ ಇರಲಿಕ್ಕಿಲ್ಲ.

ಶಿಡ್ಲಘಟ್ಟ ರೇಷ್ಮೆ

ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಡುತ್ತೇವೆ, ಎರಡು ಸಾವಿರ ಕೊಡಿ ಎಂದು ಒಬ್ಬರು ಕೇಳುತ್ತಿದ್ದಾರೆ. ಕೊಡಬೇಕೇ ಸರ್?

ಸಂಘದ ಲೆಕ್ಕ

ಸರ್ ಉತ್ತರಿಸುವ ಮೊದಲೇ ಹೇಳುತ್ತೇನೆ, ಒಂದು ರೂಪಾಯಿಯನ್ನೂ ಕೊಡಬೇಡಿ ಅಕ್ಕ. 2020ರ ಜುಲೈನಿಂದ ಉದ್ಯಮ್ ನೋಂದಣಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ಆಧಾರ್ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಹತ್ತಿರವಿರಲಿ, ಪಾನ್ ಕಾರ್ಡ್ ಕೈಯಲ್ಲಿರಲಿ. ಅದೇ ಬಣ್ಣ, ಅದೇ ಮುದ್ರೆ ಹಾಕಿಕೊಂಡ ನಕಲಿ ತಾಣಗಳು ದುಡ್ಡು ಕೇಳುತ್ತವೆ, ಮುಚ್ಚಿಬಿಡಿ. ಆಧಾರ್‌ಗೆ ಜೋಡಿಸಿದ ನಂಬರು ಯಜಮಾನರದ್ದಾಗಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮ ನಂಬರಿಗೆ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಒಟಿಪಿ ಬರುವ ಹೊತ್ತಿಗೆ ಅವರು ಮಾರುಕಟ್ಟೆಯಲ್ಲಿರುತ್ತಾರೆ.